ಅಡ್ಡಹೆಸರು ಕೇಳಿದ ಮೇಲಿನ ಅರೆಕ್ಷಣ

ನಮ್ಮ ಬಾಗಲಕೋಟೆ ಸೀಮೆಯಲ್ಲಿ ಒಬ್ಬರ ಪರಿಚಯ ಎರಡೇ ಪ್ರಶ್ನೆಗಳಲ್ಲಿ ಮುಗಿಯುತ್ತದೆ. ಮೊದಲನೆಯದು ಊರು, ಎರಡನೆಯದು ಅಡ್ಡಹೆಸರು. ಹಳೇ ಮೈಸೂರಿನ ಕಡೆಯ ನನ್ನ ಗೆಳತಿಯರಿಗೆ ಹೆಸರಿನ ಜೊತೆ ಒಂದೆರಡು ಇನಿಶಿಯಲ್ ಇದ್ದರೆ ಸಾಕು. ಅಪ್ಪ, ಊರು ಎರಡೂ ಆ ಅಕ್ಷರಗಳೊಳಗೆ ಮುಸುಕು ಹೊದ್ದು ಕೂತಿರುತ್ತವೆ. ನಮ್ಮಲ್ಲಿ ಆ ಮುಸುಕಿಲ್ಲ. ಪಾಟೀಲ, ಕುಲಕರ್ಣಿ, ಬಡಿಗೇರ, ಕುಂಬಾರ, ಹೂಗಾರ, ಹಡಪದ, ತಳವಾರ, ಮಾದರ, ಚಲವಾದಿ, ನದಾಫ, ಬಾಗವಾನ. ಹೆಸರು ಬಾಯಿಂದ ಬೀಳುವುದಕ್ಕೂ ಕೇಳಿದವರ ತಲೆಯಲ್ಲಿ ಕೇರಿ, ಕಸುಬು, ಅಡುಗೆಮನೆಯವರೆಗಿನ ನಕ್ಷೆ ಬಿಚ್ಚಿಕೊಳ್ಳುವುದಕ್ಕೂ ನಡುವೆ ಉಸಿರಾಡುವಷ್ಟು ಹೊತ್ತೂ ಇರುವುದಿಲ್ಲ.

ಈ ಪಟ್ಟಿಗೆ ಒಂದು ವಿನಾಯಿತಿ ಉಂಟು. ನನ್ನ ಪಿಎಚ್.ಡಿ. ಶುರುವಾದದ್ದೇ ಅದರಿಂದ. ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡವರು ನಮ್ಮಲ್ಲಿ ಬಹಳ ಮಂದಿ. ಬಾದಾಮಿ, ಹುನಗುಂದ, ಇಳಕಲ್ಲ, ಬಾಗಲಕೋಟಿ ಎಂಬ ಅಡ್ಡಹೆಸರಿನವರು ಹುಬ್ಬಳ್ಳಿಯಲ್ಲೂ ಸೊಲ್ಲಾಪುರದಲ್ಲೂ ಸಿಗುತ್ತಾರೆ, ಬೇರೆ ಬೇರೆ ಜಾತಿಗಳಲ್ಲಿ ಸಿಗುತ್ತಾರೆ. ಈ ಹೆಸರುಗಳು ಕೇಳಿದವರ ಕೈಗೆ ನಕ್ಷೆ ಕೊಡುವುದಿಲ್ಲ. ನನ್ನ ಅಡ್ಡಹೆಸರೂ ಅಂಥದ್ದೇ. ಒಮ್ಮೆ ಹುನಗುಂದದಿಂದ ಅಮೀನಗಡ ದಾಟಿ ಬಾದಾಮಿಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕದಲ್ಲಿದ್ದ ಅಮ್ಮ ಕರದಂಟಿನ ಪೊಟ್ಟಣ ಬಿಚ್ಚಿ, ಒಂದು ತುಂಡು ಮುರಿಯುತ್ತ ಮಾತು ತೆಗೆದರು.

"ಯಾವೂರವ್ವಾ ನಿಂದು?"

"ಬಾಗಲಕೋಟಿರಿ."

"ಅಡ್ಡಹೆಸರ?"

ಹೇಳಿದೆ.

"ಅದು ಊರ ಹೆಸರಾತು. ನೀವು ಯಾವ ಮಂದಿ?"

"ನಾವು ಓದೂ ಮಂದಿರಿ, ಅಮ್ಮಾ."

ಅವರು ನಕ್ಕರು. ಆದರೆ ಕರದಂಟಿನ ತುಂಡು ಹಿಡಿದು ನನ್ನತ್ತ ಹೊರಟಿದ್ದ ಕೈ ನಡುವೆ ಅರೆಕ್ಷಣ ನಿಂತಿತು, ಆಮೇಲೆ ಮುಂದೆ ಬಂತು. ಕರದಂಟು ಚೆನ್ನಾಗಿತ್ತು. ಆ ಅಮ್ಮ ಒಳ್ಳೆಯವರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಕೈ ನಿಂತದ್ದು ಅವರಿಗೇ ಗೊತ್ತಾಗಿರಲಿಕ್ಕಿಲ್ಲ.

ಈ ಅರೆಕ್ಷಣವನ್ನು ಅಳೆಯುವ ಪ್ರಯತ್ನ ಮನಶ್ಶಾಸ್ತ್ರದಲ್ಲಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆದಿದೆ. 1998ರಲ್ಲಿ ಅಮೆರಿಕದ ಆಂಥನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು ಒಂದು ಪರೀಕ್ಷೆ ಪ್ರಕಟಿಸಿದರು. ಇಂಪ್ಲಿಸಿಟ್ ಅಸೋಸಿಯೇಶನ್ ಟೆಸ್ಟ್, ಐಎಟಿ ಎಂದು ಅದಕ್ಕೆ ಹೆಸರು. ಅದನ್ನು ಜನರ ನಡುವೆ ತಂದವರಲ್ಲಿ ಮುಖ್ಯರಾದ ಮಹಜರೀನ್ ಬನಾಜಿ ಹುಟ್ಟಿದ್ದು ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ. ಪರೀಕ್ಷೆ ನೋಡಲು ಮಕ್ಕಳ ಆಟದಂತಿದೆ. ಪರದೆಯ ಮೇಲೆ ಮುಖಗಳು, ಹೆಸರುಗಳು, ಪದಗಳು ಒಂದೊಂದಾಗಿ ಬರುತ್ತವೆ. ಎಡಕ್ಕೆ ಸೇರಿದ್ದಾದರೆ ಎಡಗೈ ಬೆರಳು, ಬಲಕ್ಕೆ ಸೇರಿದ್ದಾದರೆ ಬಲಗೈ ಬೆರಳು ಒತ್ತಬೇಕು, ಆದಷ್ಟು ಬೇಗ. ಮೊದಲು ಬಿಳಿಯರ ಮುಖ ಮತ್ತು ಒಳ್ಳೆಯ ಪದ ಒಂದು ಕಡೆ, ಕರಿಯರ ಮುಖ ಮತ್ತು ಕೆಟ್ಟ ಪದ ಇನ್ನೊಂದು ಕಡೆ. ಆಮೇಲೆ ಜೋಡಿ ಅದಲು ಬದಲಾಗುತ್ತದೆ. ಒಂದು ಜೋಡಿಯಲ್ಲಿ ಬೆರಳು ಸರಾಗವಾಗಿ ಓಡಿ, ಇನ್ನೊಂದರಲ್ಲಿ ತಡವರಿಸಿದರೆ ಆ ವ್ಯತ್ಯಾಸವೇ ಅಂಕ. ಲೆಕ್ಕ ಮಿಲಿಸೆಕೆಂಡುಗಳಲ್ಲಿ. ಬಾಯಿ ಸುಳ್ಳು ಹೇಳಬಹುದು, ಬೆರಳಿಗೆ ಅಷ್ಟು ವ್ಯವಧಾನವಿಲ್ಲ ಎನ್ನುವುದು ಇದರ ಹಿಂದಿನ ನಂಬಿಕೆ.

ಇಂಟರ್ನೆಟ್ಟಿನಲ್ಲಿ ಇದು ಪುಕ್ಕಟೆ ಸಿಗುತ್ತದೆ. ಹಾಸ್ಟೆಲಿನಲ್ಲಿ ಕೂತು ನಾನೂ ತೆಗೆದುಕೊಂಡೆ, ಗಂಡು-ಹೆಣ್ಣು, ಉದ್ಯೋಗ-ಸಂಸಾರ ಎಂಬ ಪರೀಕ್ಷೆ. ಗಂಡಸನ್ನು ಉದ್ಯೋಗಕ್ಕೂ ಹೆಂಗಸನ್ನು ಸಂಸಾರಕ್ಕೂ ನನ್ನ ಮನಸ್ಸು 'ಪ್ರಬಲವಾಗಿ' ಕಟ್ಟಿಹಾಕುತ್ತದೆ ಎಂದಿತು. ಒಂದು ವಾರದ ಮೇಲೆ ಮತ್ತೆ ಕೂತೆ. ಈ ಸಲ 'ಅಲ್ಪ' ಎಂದಿತು. ಆ ವಾರದಲ್ಲಿ ನನ್ನ ಮನಸ್ಸು ಅಷ್ಟೊಂದು ಉದ್ಧಾರವಾಗುವಂಥದ್ದೇನೂ ನಡೆದಿರಲಿಲ್ಲ. ಗೈಡ್ ಮೂರನೇ ಅಧ್ಯಾಯವನ್ನು ತಿರುಗಿ ಬರೆ ಅಂದಿದ್ದರು, ಅಷ್ಟೇ.

ಇಂಥ ಏರುಪೇರು ಈ ಪರೀಕ್ಷೆಗೆ ಹೊಸದಲ್ಲ. ಒಬ್ಬರೇ ಎರಡು ಸಲ ತೆಗೆದುಕೊಂಡಾಗ ಬರುವ ಅಂಕಗಳ ಹೊಂದಾಣಿಕೆ ಪೂರ್ಣ 1 ಆಗಿರಬೇಕಾದ ಕಡೆ ಸುಮಾರು 0.5ರ ಆಸುಪಾಸು ನಿಲ್ಲುತ್ತದೆ. ಇಡೀ ಗುಂಪಿನ ಒಲವು ತಿಳಿಯಲು ಇದು ಪ್ರಯೋಜನಕ್ಕೆ ಬಂದೀತು. ಇಂಥ ವ್ಯಕ್ತಿ ಭೇದ ಮಾಡುವವನು ಎಂದು ಬೆರಳು ತೋರಿಸಲು ಇದನ್ನು ಬಳಸುವುದು ಸರಿಯಲ್ಲ ಎಂದು ಅದನ್ನು ಕಟ್ಟಿದವರೇ 2015ರಲ್ಲಿ ಬರೆದಿದ್ದಾರೆ. 2019ರಲ್ಲಿ 492 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ ಇನ್ನೊಂದು ಗಂಟು ಬಿಚ್ಚಿತು. ತರಬೇತಿ, ಅಭ್ಯಾಸಗಳಿಂದ ಅಂಕವನ್ನು ತುಸು ಇಳಿಸಬಹುದು, ಆದರೆ ಅಂಕ ಇಳಿದದ್ದರಿಂದ ನಡತೆ ಬದಲಾಯಿತು ಎನ್ನಲು ಪುರಾವೆ ಇಲ್ಲ. ಅದರ ಹಿಂದಿನ ವರ್ಷವಷ್ಟೇ, ಇಬ್ಬರು ಕರಿಯರನ್ನು ಪೊಲೀಸರು ತನ್ನ ಅಂಗಡಿಯಲ್ಲಿ ಬಂಧಿಸಿದ ಗದ್ದಲದ ನಂತರ, ಸ್ಟಾರ್‌ಬಕ್ಸ್ ಅಮೆರಿಕದಲ್ಲಿ 8000 ಅಂಗಡಿಗಳನ್ನು ಒಂದು ಮಧ್ಯಾಹ್ನ ಮುಚ್ಚಿ ಕೆಲಸಗಾರರಿಗೆ ಪೂರ್ವಗ್ರಹದ ಪಾಠ ಮಾಡಿಸಿತ್ತು. ಒಂದು ಮಧ್ಯಾಹ್ನದಲ್ಲಿ ಮನಸ್ಸು ತೊಳೆದುಕೊಳ್ಳಬಹುದಾದರೆ ಹನ್ನೆರಡನೇ ಶತಮಾನದಲ್ಲಿ ಅಷ್ಟು ಕಷ್ಟಪಡುವ ಅಗತ್ಯವೇ ಇರಲಿಲ್ಲ.

ಪರೀಕ್ಷೆಯ ಅಂಕಿಸಂಖ್ಯೆಗಿಂತ ನನ್ನನ್ನು ಹೆಚ್ಚು ಕಾಡಿದ್ದು ಅದರ ಜೊತೆ ಬಂದ ಶಬ್ದ. ಕನ್ನಡದಲ್ಲಿ ನಾವು ಅದನ್ನು 'ಸುಪ್ತ ಪೂರ್ವಗ್ರಹ' ಎನ್ನತೊಡಗಿದ್ದೇವೆ. ಸುಪ್ತ ಎಂದರೆ ಮಲಗಿದ್ದು. ಮಲಗಿದವನ ಮೇಲೆ ಯಾರು ಅಪವಾದ ಹೊರಿಸುತ್ತಾರೆ? ಈ ಶಬ್ದಕ್ಕೆ ಒಂದು ತಂಪಾದ ನೆರಳಿದೆ, ಅದರ ಕೆಳಗೆ ಯಾರು ಬೇಕಾದರೂ ಹೋಗಿ ನಿಲ್ಲಬಹುದು. ಆದರೆ ಚಹಾದ ಅಂಗಡಿಯಲ್ಲಿ ಒಂದು ಕೇರಿಯವರಿಗೆಂದೇ ಬೇರೆ ಲೋಟ ಇಟ್ಟವನ ಪೂರ್ವಗ್ರಹ ಯಾವ ಕಾಲದಲ್ಲೂ ಮಲಗಿರಲಿಲ್ಲ. ಅದು ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಅಂಗಡಿಯ ಬಾಗಿಲು ತೆಗೆಯುತ್ತಿತ್ತು. ಗುಡಿಯ ಕಟ್ಟೆ ಏರಬೇಡ ಎನ್ನುವುದಕ್ಕೆ, ಕ್ಷೌರ ಮಾಡುವುದಿಲ್ಲ ಎನ್ನುವುದಕ್ಕೆ, ಪತ್ರಿಕೆಯ ವಧು-ವರರ ಅಂಕಣದಲ್ಲಿ ಒಳಪಂಗಡದ ಹೆಸರು ಬಿಡಿಸಿ ಬರೆಯುವುದಕ್ಕೆ ಮಿಲಿಸೆಕೆಂಡಿನ ಗಡಿಯಾರ ಬೇಡ. ಹಾಡುಹಗಲಿನ ವಿಷಯಕ್ಕೆ ನಿದ್ದೆಯ ಹೆಸರಿಡುವುದು ನ್ಯಾಯವಲ್ಲ.

ಹಾಗಂತ ಸುಪ್ತವಾದದ್ದು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಬೇರೆ ಲೋಟ ಕಂಡರೆ ಒಡೆದುಹಾಕುವಷ್ಟು ಸಿಟ್ಟು ಬರುವ, ಜಯಂತಿಗಳಲ್ಲಿ ಮನಸಾರೆ ಭಾಷಣ ಮಾಡುವ, ಓದಿಕೊಂಡ ಮಂದಿಯ ವಿಷಯ ಬೇರೆ. ಮೇಷ್ಟ್ರು, ಬ್ಯಾಂಕಿನವರು, ಸಂಪಾದಕರು, ನನ್ನಂಥ ಸಂಶೋಧಕರು. ಬಸ್ಸಿನ ಅಮ್ಮನ ಕೈಯಲ್ಲಿ ಕಂಡ ಅರೆಕ್ಷಣ ನಮ್ಮ ಕೈಯಲ್ಲೂ ಇರಬಹುದು, ಅದು ಕರದಂಟಿನ ತುಂಡಿಗಿಂತ ದೊಡ್ಡ ವಸ್ತುಗಳನ್ನು ಹಿಡಿದಿರುವಾಗ. ಹಾಗಾದರೆ ಪ್ರಶ್ನೆ ಇದು: ನನಗೇ ಗೊತ್ತಿಲ್ಲದ ನನ್ನ ಒಲವಿಗೆ ನಾನು ಹೊಣೆಯೇ?

ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಮಠದ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿದವರು. ದವಸ, ದುಡ್ಡು ಬೇಡ, ನಿಮ್ಮ ಚಟವನ್ನು ಈ ಜೋಳಿಗೆಗೆ ಹಾಕಿ ಎಂದು ಕೇಳುತ್ತಿದ್ದರು. ಅವರು ಹುಟ್ಟಿದ ಆಗಸ್ಟ್ 1ನ್ನು ಕರ್ನಾಟಕ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಕುಡಿಯುವವನಿಗೆ ತಾನು ಕುಡಿಯುತ್ತೇನೆಂದು ಗೊತ್ತು, ಬೀಡಿ ಸೇದುವವನ ಕಿಸೆಯಲ್ಲಿ ಬೀಡಿಯ ಕಟ್ಟು ಇದೆ. ತೆಗೆದು ಜೋಳಿಗೆಗೆ ಹಾಕಬಹುದು. ತನ್ನ ಕಿಸೆಯಲ್ಲಿ ಇದೆ ಎಂದೇ ಗೊತ್ತಿಲ್ಲದ ವಸ್ತುವನ್ನು ಹಾಕುವುದು ಹೇಗೆ?

ಅರಿಸ್ಟಾಟಲ್ ಇದೇ ಕುಡುಕನನ್ನು ಇಟ್ಟುಕೊಂಡು ಒಂದು ಮಾತು ಹೇಳಿದ್ದಾನೆ. ಕುಡಿದು ಮಾಡಿದ ತಪ್ಪಿಗೆ ಎರಡು ಪಟ್ಟು ದಂಡ ಹಾಕುವ ಪದ್ಧತಿಯನ್ನು ಅವನು ಪ್ರಸ್ತಾಪಿಸುತ್ತಾನೆ. ಅಮಲಿನಲ್ಲಿ ಮಾಡಿದ್ದು ಗೊತ್ತಾಗಲಿಲ್ಲ ನಿಜ, ಆದರೆ ಆ ಗೊತ್ತಾಗದಿರುವಿಕೆಯ ಮೂಲ ಅವನೇ, ಕುಡಿಯದೆ ಇರುವುದು ಅವನ ಕೈಯಲ್ಲೇ ಇತ್ತು ಎನ್ನುವುದು ವಾದ. ನನ್ನ ಮಟ್ಟಿಗೆ ಈ ವಾದ ಅರ್ಧ ದಾರಿ ಮಾತ್ರ ಬರುತ್ತದೆ. ಜಾತಿಯ ಅಮಲು ನಾವು ಗಡಂಗಿಗೆ ಹೋಗಿ ಕುಡಿದದ್ದಲ್ಲ, ಎದೆಹಾಲಿನ ಜೊತೆ ಒಳಗೆ ಬಂದದ್ದು. ಮೂರನೇ ವಯಸ್ಸಿಗೆ ಯಾರ ಮನೆಯ ನೀರು ಕುಡಿಯಬಾರದೆಂದು ಕಲಿತ ಮಗುವಿಗೆ ದಂಡ ಹಾಕಲಾಗದು. ಆದರೆ ಆ ಮಗು ಬೆಳೆದು ಉತ್ತರ ಪತ್ರಿಕೆ ತಿದ್ದುವ, ಸಂದರ್ಶನ ಮಾಡುವ, ಸಾಲ ಮಂಜೂರು ಮಾಡುವ ಕುರ್ಚಿಯಲ್ಲಿ ಕೂತಾಗ, ತನ್ನ ಕೈ ಅರೆಕ್ಷಣ ನಿಲ್ಲಬಹುದು ಎಂಬ ಸುದ್ದಿ ಕಿವಿಗೆ ಬಿದ್ದಿರುತ್ತದಲ್ಲ? ಅಲ್ಲಿಂದ ಮುಂದೆ ಹೊಣೆ ಶುರು. ಒಳಗೆ ಏನಿದೆ ಎಂಬುದಕ್ಕಲ್ಲ, ಇರಬಹುದೆಂದು ತಿಳಿದ ಮೇಲೂ ಕೈಗೆ ಯಾವ ಕಾವಲೂ ಇಡದಿದ್ದುದಕ್ಕೆ.

ಆದ್ದರಿಂದ ನನಗೆ ಮನಸ್ಸಿನ ಪರೀಕ್ಷೆಗಿಂತ ಕೈಯ ಪರೀಕ್ಷೆ ಹೆಚ್ಚು ಬೇಕೆನಿಸುತ್ತದೆ. ಇಳಕಲ್ಲಿನ ಸೀರೆ ಅಂಗಡಿಯೊಂದರಲ್ಲಿ ಕ್ಷೇತ್ರಕಾರ್ಯದ ನೆಪದಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಒಬ್ಬಾಕೆ ಬಂದರೆ "ಬರ್ರಿ ಅಕ್ಕಾರ, ಕೂಡ್ರಿ" ಎಂದು ಗಾದಿ ತೋರಿಸಿ, ನೀರು ತರಿಸಿ, ಟೋಪ್ ತೆನೆ ಸೆರಗಿನ ರೇಷ್ಮೆ ಸೀರೆಗಳನ್ನು ಒಂದರ ಮೇಲೊಂದು ಬಿಚ್ಚುತ್ತಿದ್ದರು. ಇನ್ನೊಬ್ಬಾಕೆ ಬಂದರೆ ಮೊದಲ ಮಾತೇ "ಎಷ್ಟರಾಗ ಬೇಕು?" ಸೀರೆ ಆಮೇಲೆ. ಅಂಗಡಿಯವನ ಮನಸ್ಸಿನೊಳಗೆ ಇಣುಕುವ ಯಂತ್ರ ನನ್ನ ಬಳಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಯಾರಿಗೆ ಬೆಲೆ ಮೊದಲು, ಯಾರಿಗೆ ಸೀರೆ ಮೊದಲು ಎಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಗೀಟು ಹಾಕುತ್ತ ಹೋದರೆ ಸಾಕಿತ್ತು.

ಈ ಗೀಟು ಹಾಕುವ ಕೆಲಸವನ್ನು ನಮ್ಮ ದೇಶದಲ್ಲಿ ದೊಡ್ಡದಾಗಿ ಮಾಡಿದವರು ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್. ಪತ್ರಿಕೆಗಳಲ್ಲಿ ಬಂದ ಖಾಸಗಿ ಕೆಲಸಗಳ ಜಾಹೀರಾತಿಗೆ ಅವರ ತಂಡ 4808 ಅರ್ಜಿ ಹಾಕಿತು. ಓದು, ಅನುಭವ ಎಲ್ಲ ಸಮ, ಬೇರೆಯಾಗಿದ್ದದ್ದು ಅಡ್ಡಹೆಸರು ಮಾತ್ರ. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಮೇಲ್ಜಾತಿಯ ಹೆಸರಿಗೆ ಮುಂದಿನ ಹಂತದ ಕರೆ ಬರುವ ಸಾಧ್ಯತೆಯನ್ನು 1 ಎಂದಿಟ್ಟುಕೊಂಡರೆ ದಲಿತ ಹೆಸರಿಗೆ ಅದು 0.67, ಮುಸ್ಲಿಂ ಹೆಸರಿಗೆ 0.33. ಯಾವ ಕಂಪನಿಯ ಯಾವ ಅಧಿಕಾರಿ ಎಚ್ಚರವಾಗಿದ್ದು ಹೀಗೆ ಮಾಡಿದ, ಯಾರ ಕೈ ತಾನಾಗಿ ನಿಂತಿತು ಎಂದು ಈ ಲೆಕ್ಕ ಹೇಳುವುದಿಲ್ಲ. ಕೆಲಸದ ಕರೆ ಬಾರದೆ ಮನೆಯಲ್ಲಿ ಕೂತ ಹುಡುಗನಿಗೆ ಆ ವ್ಯತ್ಯಾಸದಿಂದ ಆಗಬೇಕಾದ್ದೂ ಏನಿಲ್ಲ.

ಕೈಯ ಪರೀಕ್ಷೆ ಕೆಲವೊಮ್ಮೆ ನಾವು ಎದುರು ನೋಡದ ಉತ್ತರ ಕೊಡುತ್ತದೆ. 2012ರಲ್ಲಿ ರೇಮಾ ಹನ್ನಾ ಮತ್ತು ಲೀ ಲಿಂಡೆನ್ ಪ್ರಕಟಿಸಿದ ಅಧ್ಯಯನದಲ್ಲಿ ಭಾರತದ ಶಿಕ್ಷಕರಿಗೆ ಉತ್ತರ ಪತ್ರಿಕೆಗಳನ್ನು ಕೊಟ್ಟು, ಮುಖಪುಟದ ಮೇಲೆ ಮನಬಂದಂತೆ ಜಾತಿ ನಮೂದಿಸಿದ್ದರು. ಕೆಳಜಾತಿ ಎಂದು ಬರೆದಿದ್ದ ಪತ್ರಿಕೆಗಳಿಗೆ ತುಸು ಕಡಿಮೆ ಅಂಕ ಬಿದ್ದವು. ಹಾಗೆ ಕಡಿಮೆ ಕೊಟ್ಟವರಲ್ಲಿ ಎದ್ದು ಕಂಡವರು ಸ್ವತಃ ಕೆಳಜಾತಿಯಿಂದ ಬಂದ ಶಿಕ್ಷಕರು. ಇದನ್ನು ಓದಿ ಎರಡು ದಿನ ನನಗೆ ಏನೂ ಬರೆಯಲಾಗಲಿಲ್ಲ. ಕೆಲವರು ಇದನ್ನೇ ಹಿಡಿದು, ನೋಡಿ ನಮ್ಮ ತಪ್ಪೇನಿಲ್ಲ ಎಂದು ಹೇಳಿಯಾರು. ನನಗೆ ಕಂಡದ್ದು ಬೇರೆ: ಸಾವಿರ ಸಲ ಕೇಳಿಸಿಕೊಂಡ ತೀರ್ಪನ್ನು ಕೊನೆಗೆ ತನ್ನ ಕೈಯಿಂದ ತನ್ನವರ ಮೇಲೇ ಬರೆಯುವ ಸ್ಥಿತಿ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ದಾರಿ ಹುಡುಕುವ ಒಗಟಿನ ಚಿತ್ರಗಳನ್ನು ಕೊಟ್ಟು ಬಿಡಿಸಲು ಹೇಳಿದ್ದರು. ಜಾತಿಯ ಸುದ್ದಿ ಎತ್ತದೆ ಇದ್ದಾಗ ಮೇಲ್ಜಾತಿ, ಕೆಳಜಾತಿಯ ಹುಡುಗರು ಸರಿಸಮ ಬಿಡಿಸಿದರು. ಎಲ್ಲರೆದುರು ಹೆಸರು, ಜಾತಿ ಕೂಗಿ ಹೇಳಿದ ಮೇಲೆ ಕೆಳಜಾತಿಯ ಹುಡುಗರು ಸುಮಾರು ಐದರಲ್ಲಿ ಒಂದು ಪಾಲು ಹಿಂದೆ ಬಿದ್ದರು. ಸ್ಕಾಲರ್‌ಶಿಪ್ ಫಾರ್ಮು ಹಂಚುವಾಗ "ಎಸ್ಸಿ ಎಸ್ಟಿ ಹುಡುಗ್ರು ಎದ್ದು ನಿಂದರ್ರಿ" ಎಂಬ ಮಾತು ಕೇಳಿ ಬೆಳೆದವರಿಗೆ ಈ ಪ್ರಯೋಗ ವಿವರಿಸಿ ಹೇಳಬೇಕಿಲ್ಲ.

ಹಾಗಾದರೆ ಮನಸ್ಸನ್ನು ಬಿಟ್ಟು ಕೈಯನ್ನಷ್ಟೇ ಕಟ್ಟಿದರೆ ಸಾಕೇ? ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ ಎಸ್ತರ್ ಡುಫ್ಲೋ, ರೋಹಿಣಿ ಪಾಂಡೆ ಮೊದಲಾದವರು ಎರಡನ್ನೂ ಒಟ್ಟಿಗೆ ಅಳೆದಿದ್ದಾರೆ. ಪಂಚಾಯಿತಿಯ ಮುಖ್ಯಸ್ಥಾನ ಹೆಣ್ಣಿಗೆ ಮೀಸಲಾಗಿದ್ದ ಹಳ್ಳಿಗಳು, ಆಗದಿದ್ದ ಹಳ್ಳಿಗಳು. ಎರಡೂ ಕಡೆ ಅದೇ ಬೆರಳಿನ ಪರೀಕ್ಷೆ. ಒಂದೇ ಭಾಷಣವನ್ನು ಗಂಡುದನಿಯಲ್ಲೂ ಹೆಣ್ಣುದನಿಯಲ್ಲೂ ಕೇಳಿಸಿ ಅಭಿಪ್ರಾಯವನ್ನೂ ಕೇಳಿದರು. 2009ರಲ್ಲಿ ಬಂದ ಫಲಿತಾಂಶ ಹೀಗಿತ್ತು: ಹೆಣ್ಣು ಮುಖ್ಯಸ್ಥೆಯ ಕೆಳಗೆ ವರ್ಷಗಟ್ಟಲೆ ಬಾಳಿದ ಮೇಲೂ ಮುಂದಾಳು ಗಂಡಸೇ ಆಗಿರಲಿ ಎಂಬ ಒಳಗಿನ ಒಲವು ಕದಲಲಿಲ್ಲ. ಆದರೆ ಹೆಣ್ಣುದನಿಯ ಭಾಷಣಕ್ಕೆ ಗಂಡಸರು ಕೊಡುತ್ತಿದ್ದ ಕಡಿಮೆ ಬೆಲೆ ಆ ಹಳ್ಳಿಗಳಲ್ಲಿ ಇಲ್ಲವಾಯಿತು. ಎರಡು ಅವಧಿ ಮೀಸಲಾತಿ ಕಂಡ ಕಡೆ ಮೀಸಲಿಲ್ಲದ ಸ್ಥಾನಗಳಲ್ಲೂ ಹೆಂಗಸರು ಹೆಚ್ಚು ಗೆದ್ದರು. ಇಷ್ಟವಾಗದಿದ್ದರೂ ಕೆಲಸ ಬಲ್ಲಳು ಎಂದು ಒಪ್ಪಿಕೊಂಡರು. ಕರ್ನಾಟಕದ 1983ರ ಕಾಯ್ದೆ, 73ನೇ ತಿದ್ದುಪಡಿಗಿಂತ ಹತ್ತು ವರ್ಷ ಮೊದಲೇ, ಹೆಣ್ಣುಮಕ್ಕಳಿಗೆ ಶೇ. 25 ಸ್ಥಾನ ಕೊಟ್ಟಿತ್ತು. ಅಂದು ಗಂಡಸರ ಮನಸ್ಸು ಮಾಗುವವರೆಗೆ ಕಾಯೋಣ ಎಂದಿದ್ದರೆ ಇಂದು ಹುನಗುಂದ ತಾಲ್ಲೂಕಿನ ಪಂಚಾಯಿತಿಗಳಲ್ಲಿ, ಅಧ್ಯಕ್ಷೆಯ ಗಂಡ ಪಕ್ಕದ ಕುರ್ಚಿಯಲ್ಲಿ ಕೂತೇ ಇದ್ದರೂ, ಅಧ್ಯಕ್ಷೆಯ ಕುರ್ಚಿ ಎಂಬುದೊಂದು ಇರುತ್ತಿರಲಿಲ್ಲ.

ಇಲ್ಲಿಗೆ ನನ್ನ ವಾದ ನಿಂತುಬಿಟ್ಟಿದ್ದರೆ ಚೆನ್ನಾಗಿತ್ತು. ಹೆಸರು ಮುಚ್ಚಿ, ಪತ್ರಿಕೆಗೆ ಸಂಖ್ಯೆ ಕೊಡಿ, ಅರ್ಜಿಯಿಂದ ಅಡ್ಡಹೆಸರು ತೆಗೆಯಿರಿ, ಮುಗಿಯಿತು. ಆದರೆ ಹುನಗುಂದ ತಾಲ್ಲೂಕಿನಲ್ಲೇ, ಕೃಷ್ಣೆ ಮಲಪ್ರಭೆಯರು ಕೂಡುವಲ್ಲಿ, ಕೂಡಲಸಂಗಮವಿದೆ. ಅಲ್ಲಿ ನಿಂತು ಹೆಸರು ಮುಚ್ಚುವ ಮಾತಾಡಲು ನನಗೆ ಸಂಕೋಚವಾಗುತ್ತದೆ. ಬಸವಣ್ಣನವರ ಸುತ್ತ ಸೇರಿದವರ ಹೆಸರು ನೆನಪಿಸಿಕೊಳ್ಳಿ. ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಹಡಪದ ಅಪ್ಪಣ್ಣ. ಕಸುಬು ಹೆಸರಿನ ಮುಂದೆಯೇ ಕೂತಿದೆ, ತಲೆ ಎತ್ತಿ ಕೂತಿದೆ. ಅನುಭಾವದ ಮಾತಿಗೆ ಕೂತಾಗ ಅವರು ಹೆಸರಿನ ಮೇಲೆ ಕಾಗದ ಅಂಟಿಸಿಕೊಳ್ಳಲಿಲ್ಲ. ಒಬ್ಬ ಹುಡುಗನಿಗೆ ನಿನ್ನ ಹೆಸರು ಮುಚ್ಚಿದರಷ್ಟೇ ನಿನಗೆ ನ್ಯಾಯ ಎನ್ನುವುದು, ನಿನ್ನ ಹೆಸರಿನಲ್ಲೇ ಏನೋ ಕೊರೆ ಇದೆ ಎಂದು ಹೇಳಿದಂತೆಯೂ ಆಗುತ್ತದೆ. ಅಡ್ಡಹೆಸರು ಬದಲಿಸಿ ಊರ ಹೆಸರು ಇಟ್ಟುಕೊಂಡ ಮನೆತನಗಳ ಹಿರಿಯರು ನನ್ನ ಮುಂದೆ ಆ ಕಥೆ ಹೇಳುವಾಗ ದನಿ ತಗ್ಗಿಸುತ್ತಾರೆ. ಬದಲಿಸಿದ ಮೇಲೆ ಮಕ್ಕಳಿಗೆ ಅನುಕೂಲವಾಯಿತು ಎನ್ನುತ್ತಾರೆ, ಹಳೆಯ ಹೆಸರು ಏನೆಂದು ಕೇಳಿದರೆ ಒಮ್ಮೆ ಬಾಗಿಲ ಕಡೆ ನೋಡುತ್ತಾರೆ.

ಅಂದಹಾಗೆ, ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ನಡುವೆ ಒಮ್ಮೆ ಮೇಲೆ ಹೋಗಿ ಲೇಖಕಿಯ ಹೆಸರು ನೋಡಿ ಬಂದಿರಬಹುದು. ಬಸ್ಸಿನ ಅಮ್ಮನಿಗಾದಂತೆ ನಿಮಗೂ ಊರಿನ ಹೆಸರಷ್ಟೇ ಸಿಕ್ಕಿರುತ್ತದೆ. ಹುಡುಕಬೇಕೆನಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಈ ಪ್ರಬಂಧದ ಯಾವ ಸಾಲಿಗೆ ಬಂದಾಗ ಹಾಗನಿಸಿತು ಎನ್ನುವುದು ನನಗಿಂತ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವ ಮಾಹಿತಿ.

ಹೆಸರನ್ನು ಕೂಗಿ ಹೇಳುವ ಜಾಗ ಒಂದು, ಮುಚ್ಚಿಡಬೇಕಾದ ಜಾಗ ಒಂದು ಎಂದು ಸದ್ಯಕ್ಕೆ ನಾನು ಗೆರೆ ಎಳೆದುಕೊಂಡಿದ್ದೇನೆ. ಮುಚ್ಚುವುದು ಹೆಸರಿನವನ ಸಲುವಾಗಿ ಅಲ್ಲ, ಅಂಕ ಹಾಕುವವಳ ಕೈಯ ಸಲುವಾಗಿ. ಈ ಮಾತನ್ನು ಹುನಗುಂದದ ಹತ್ತಿರದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವ ಮೇಡಂ ಒಬ್ಬರ ಮುಂದೆ ಹೇಳಿದೆ. ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿರುವವರು. ಶಾಲೆಯ ಪರೀಕ್ಷೆಯಲ್ಲೂ ಅವರು ಹೆಸರಿನ ಪುಟವನ್ನು ಮಡಚಿ ಪಿನ್ ಹಾಕಿಯೇ ತಿದ್ದುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲವಂತೆ.

"ಪಿನ್ ಹಾಕಿದ್ರ ಮುಗೀತೇನ್ರಿ?" ಎಂದರು. "ಅಕ್ಷರ ನೋಡಿದ್ರ ಯಾರದಂತ ಗೊತ್ತಾಗ್ತೈತಿ. ಒಬ್ರು ಮ್ಯಾಲ ಶ್ರೀ ಅಂತ ಬರದಿರ್ತಾರ, ಒಬ್ರು 786 ಅಂತ ಬರದಿರ್ತಾರ. ಅದಕ್ಕ ಪತ್ರದ ಪ್ರಶ್ನಿಯೊಳಗ ನಾವ ಒಂದು ಹೆಸರು ಕೊಟ್ಟಿರ್ತೀವಿ, ನೀನು ಇಂಥಾ ಶಾಲಿಯ ಇಂಥವ ಅಂತ ತಿಳಕೊಂಡು ಬರಿ ಅಂತ."

"ಬರೀತಾರೇನ್ರಿ ಹಂಗ?"

"ಭಾಳ ಮಂದಿ ಬರೀತಾರ. ಕೆಲವು ಹುಡುಗ್ರು ಎಷ್ಟ ಹೇಳಿದ್ರೂ ಕೇಳಂಗಿಲ್ರಿ. ಪತ್ರದ ಕೆಳಗ 'ಇಂತಿ ತಮ್ಮ ವಿಶ್ವಾಸಿ' ಅಂತ ಬರದು ತಮ್ಮ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಲ್ಲಾ ಬರದು ಎರಡು ಗೆರಿ ಎಳದಿರ್ತಾವ."

"ಆಗ ಏನ್ಮಾಡ್ತೀರಿ, ಮೇಡಂ?"

ಅವರು ಮೇಜಿನ ಮೇಲಿನ ಕಟ್ಟಿನಿಂದ ಒಂದು ಪತ್ರಿಕೆ ತೆಗೆದು, ಆ ಪುಟದ ಕೆಳತುದಿಯನ್ನು ಅಂಗೈಯಿಂದ ಮುಚ್ಚಿ, ಪತ್ರವನ್ನು ಮೊದಲಿನಿಂದ ಓದತೊಡಗಿದರು.